ಉಂಡಿ ಕೇಳುವ ಮಗುವಿಗೆ ಆಪಲ್ ಕಾರ್ಡು

ಆಟಿಸಂ ಇರುವ ಮಗುವಿಗೆ ಮಾತು ಬರಬೇಕಾದರೆ ಮನೆಯಲ್ಲಿ ಕನ್ನಡ ಬಿಡಿ, ಇಂಗ್ಲಿಷ್ ಒಂದನ್ನೇ ಆಡಿ! ಪಟ್ಟಣದ ಥೆರಪಿ ಕೇಂದ್ರಗಳು ಕೊಟ್ಟು ಕಳಿಸುವ ಈ ಉಪದೇಶ ಕೊಪ್ಪಳ ತಾಲ್ಲೂಕಿನ ಅಳವಂಡಿಯಂಥ ಹೋಬಳಿ ಊರಿನ ಮನೆಯಲ್ಲಿ ಹೇಗಿರುತ್ತದೋ ನೋಡಿ. ಜೋಳದ ಹೊಲದಲ್ಲಿ ಕಳೆ ತೆಗೆದು ಬಂದ ಅವ್ವ ಮಗನಿಗೆ 'ಕಮ್, ಸಿಟ್' ಅನ್ನಬೇಕು. ಅಜ್ಜಿ ಬಾಯಿಗೆ ಬೀಗ ಹಾಕಿಕೊಳ್ಳಬೇಕು. ಎರಡು ನುಡಿ ಕಿವಿಗೆ ಬಿದ್ದರೆ ಇಂಥ ಮಕ್ಕಳ ಮಾತು ಹಿಂದೆ ಬೀಳುತ್ತದೆ ಎಂಬುದಕ್ಕೆ ಹಲವು ದೇಶಗಳ ಅಧ್ಯಯನಗಳಲ್ಲಿ ಆಧಾರ ಸಿಕ್ಕಿಲ್ಲ. ಸಿಗದಿದ್ದರೇನು, ಫೀಜು ಕೊಟ್ಟು ಕೇಳಿದ ಮಾತಲ್ಲವೆ!

ಇದೇ ಥೆರಪಿ ಕೇಂದ್ರಗಳ ಜನ ಬಾಯಿ ತೆರೆದರೆ 'ವರ್ಬಲ್ ಬಿಹೇವಿಯರ್' ಅನ್ನುತ್ತಾರೆ. 1957ರ ಆ ಹೆಸರಿನ ಪುಸ್ತಕದಲ್ಲಿ ಮನೋವಿಜ್ಞಾನಿ ಸ್ಕಿನ್ನರ್ ಮಾತನ್ನು ಅದು ಮಾಡುವ ಕೆಲಸದಿಂದ ವಿಂಗಡಿಸಿದ. ಬೇಕಾದ್ದನ್ನು ಕೇಳುವುದು ಒಂದು, ಕಂಡದ್ದರ ಹೆಸರು ಹೇಳುವುದು ಇನ್ನೊಂದು. ಎರಡನೆಯದು ಬಂದ ಮಾತ್ರಕ್ಕೆ ಮೊದಲನೆಯದು ಬಂದಂತಲ್ಲ. 1959ರಲ್ಲಿ ಭಾಷಾವಿಜ್ಞಾನಿ ಚಾಮ್ಸ್ಕಿ ಆ ಪುಸ್ತಕವನ್ನು ಝಾಡಿಸಿದ, ನಿಜ. ಆ ಜಗಳ ವಿಶ್ವವಿದ್ಯಾಲಯದೊಳಗೇ ಇರಲಿ.

ನಮಗೆ ಬೇಕಾದ್ದು ಇಷ್ಟು: ಮೊದಲು ಕೇಳುವುದನ್ನು ಕಲಿಸಿ. ಶೇಂಗಾ ಉಂಡಿ ಅಂದರೆ ಪ್ರಾಣ ಬಿಡುವ ಹುಡುಗ ಅವ್ವನ ಕೈ ಹಿಡಿದು ಡಬ್ಬಿಯ ತನಕ ಎಳೆಯುತ್ತಾನೆ. ಅವ್ವ ಡಬ್ಬಿ ಕೈಯಲ್ಲಿ ಹಿಡಿದು "ಉಂಡಿ" ಅನ್ನಬೇಕು, ತುಸು ತಡೆಯಬೇಕು. ಅವನು "ಉಂ" ಅಂದರೂ ಸಾಕು, ತಟ್ಟನೆ ಒಂದು ಚೂರು ಮುರಿದು ಕೊಡಬೇಕು. ಬಾಯಿ ಬಾರದವನು ಬೆರಳು ಮಾಡಿದರೂ, ಚಿತ್ರ ತಂದುಕೊಟ್ಟರೂ ಅದು ಕೇಳಿದ ಹಾಗೇ. ಇದು ದಿನಕ್ಕೆ ಹತ್ತಾರು ಸಲ ನಡೆಯಬೇಕು, ಅದೂ ಮನೆಮಾತಿನಲ್ಲಿ. ಅದು ಬಿಟ್ಟು ಆಪಲ್, ಬಾಲ್, ಕ್ಯಾಟ್ ಅಂತ ನೂರು ಕಾರ್ಡು ಉರು ಹೊಡೆಸುತ್ತೀರಿ. ಆ ಮಗು ಬಾಯಾರಿದಾಗ ನೀರು ಕೇಳಲಾರದೆ ತಲೆ ಚಚ್ಚಿಕೊಂಡರೆ ಹಟಮಾರಿ ಅನ್ನುತ್ತೀರಿ!

ಸರಕಾರದ ಕಥೆ ಬೇರೆಯಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಇದೆ. ಪ್ರಾಥಮಿಕ ಹಂತದಲ್ಲಿ ವಿಶೇಷ ಅಗತ್ಯದ 10 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕು ಎಂದು ಸುಪ್ರೀಂ ಕೋರ್ಟ್ 2021ರಲ್ಲೇ ಹೇಳಿದೆ. ಹತ್ತಕ್ಕೊಬ್ಬರು! ಕೊಪ್ಪಳ ತಾಲ್ಲೂಕಿನ ಯಾವ ಹಳ್ಳಿ ಶಾಲೆಯಲ್ಲಿದ್ದಾರೆ, ಕೈ ಮಾಡಿ ತೋರಿಸಲಿ. ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಹೋಗಿ ಅನ್ನುವುದು ಸುಲಭ. ಅದು ಒಳ್ಳೆಯ ಸಂಸ್ಥೆಯೇ, ಆದರೆ ಒಂದಿಡೀ ರಾತ್ರಿಯ ದಾರಿ. ಕೂಲಿ ಬಿಟ್ಟು ಎಷ್ಟು ಸಲ ಹೋಗುತ್ತಾರೆ?

ನಮ್ಮ ಈ ಹಿಂದುಳಿದ ಭಾಗಕ್ಕೆಂದು ಸಂವಿಧಾನದ 371(ಜೆ) ವಿಧಿ ಬಂತು, ಕಲ್ಯಾಣ ಕರ್ನಾಟಕ ಅಂತ ಹೆಸರೂ ಬಂತು. ಪ್ರದೇಶಾಭಿವೃದ್ಧಿ ಮಂಡಳಿಯ ದುಡ್ಡು ಅಂದರೆ ಸಿಸಿ ರಸ್ತೆ, ಸಮುದಾಯ ಭವನ, ಅದರ ಮೇಲೊಂದು ಶಾಸಕರ ಫೋಟೊ. ಈ ಭಾಗದ ಮಕ್ಕಳ ಬಾಯಿಗೆ ಮಾತು ತರುವುದು ಅಭಿವೃದ್ಧಿಯ ಲೆಕ್ಕಕ್ಕೆ ಬರುವುದೇ ಇಲ್ಲ.

ಅಳವಂಡಿಯ ಸರಕಾರಿ ಆಸ್ಪತ್ರೆಯಲ್ಲಿ ವಾರಕ್ಕೊಂದು ದಿನ ಕನ್ನಡ ಬಲ್ಲ ಒಬ್ಬ ವಾಕ್ ತಜ್ಞರು ಕೂಡಲಿ. ಅಂಗನವಾಡಿ ಕಾರ್ಯಕರ್ತೆಯರಿಗೆ, ತಾಯಂದಿರಿಗೆ ಕಲಿಸುವ ಬಗೆಯನ್ನು ಮಾಡಿ ತೋರಿಸಲಿ. ಇದಕ್ಕೆ ಟೆಂಡರ್ ಕರೆಯಲು ಬರುವುದಿಲ್ಲ ಎಂಬುದೇ ಅಡ್ಡಿಯಾದರೆ, ಹಾಗಂತ ಹೇಳಿಬಿಡಿ.