ತಾತನ ಜಗಲಿ: ನೀಲಿ ಮೇಜಿನ ಧೂಳು

ಮಕ್ಕಳೇ, ಹೋದ ತಿಂಗಳು ನಮ್ಮ ಮಂಡ್ಯದ ಮನೆಗೆ ಒಂದು ಮೇಜು ಬಂತು. ಹೊಸದಲ್ಲ, ಬಹಳ ಹಳೆಯದು. ನಾಲ್ಕು ಕಾಲು, ಒಂದು ಡ್ರಾಯರ್, ಮೈತುಂಬ ಮಾಸಿದ ನೀಲಿ ಬಣ್ಣ. ಮದ್ದೂರಿನ ಗುಜರಿ ಅಂಗಡಿಯೊಂದರ ಮೂಲೆಯಲ್ಲಿ ಬಿದ್ದಿತ್ತು.

ಏಳನೇ ಕ್ಲಾಸಿನ ಮೊಮ್ಮಗಳಿಗೆ ಓದಿಕೊಳ್ಳಲು ಮೇಜು ಬೇಕಿತ್ತು. ಹೊಸದರ ಬೆಲೆ ಕೇಳಿ ನಾನು ಸುಮ್ಮನೆ ವಾಪಸಾಗಿದ್ದೆ. ಇದನ್ನು ಅಲುಗಾಡಿಸಿ ನೋಡಿದೆ, ಕಾಲು ಗಟ್ಟಿ. ಹಲಗೆಯನ್ನು ಬೆರಳಲ್ಲಿ ತಟ್ಟಿದೆ, ಟೊಳ್ಳು ಸದ್ದಿಲ್ಲ. ಸಣ್ಣ ತೂತುಗಳಾಗಲಿ, ಕೆಳಗೆ ಹಿಟ್ಟಿನಂಥ ಪುಡಿಯಾಗಲಿ ಕಾಣಲಿಲ್ಲ. ಅಂದರೆ ಕುಟ್ಟೆಹುಳು ಹಿಡಿದಿಲ್ಲ. ಗೂಡ್ಸ್ ಆಟೋಗೆ ಹಾಕಿಸಿದೆ. ಮಕ್ಕಳಿಗೆ ನಾಲ್ಕು ಮದ್ದೂರು ವಡೆ ಕಟ್ಟಿಸಿಕೊಂಡು ಮನೆಗೆ ಬಂದೆ.

"ತಾತ, ನಾನೇ ಉಜ್ತೀನಿ" ಎಂದು ಮೊಮ್ಮಗಳು ಉಪ್ಪುಕಾಗದ ಹಿಡಿದು ಕೂತಳು. ಸ್ವಲ್ಪ ಹೊತ್ತಿಗೆ ಜಗಲಿಯ ತುಂಬ ನೀಲಿ ಧೂಳು. ಅಲ್ಲೇ ಅಂಬೆಗಾಲಿಡುತ್ತಿದ್ದ ಅವಳ ತಮ್ಮ ಆ ಧೂಳಿನ ಮೇಲೆ ಅಂಗೈ ಊರಿ, ಬೆರಳನ್ನು ಬಾಯಿಗೆ ಹಾಕಿಕೊಳ್ಳಲು ಹೊರಟ. ಒಳಗಿನಿಂದ ಸೊಸೆ ಓಡಿಬಂದು ಅವನನ್ನು ಎತ್ತಿಕೊಂಡಳು.

"ಈ ಬಣ್ಣ ಯಾವ ಕಾಲದ್ದು ಮಾವ?"

ನನ್ನ ಹತ್ತಿರ ಉತ್ತರವಿರಲಿಲ್ಲ.

ಅವಳು ಕೇಳಿದ್ದರಲ್ಲಿ ಅರ್ಥವಿತ್ತು. ಹಿಂದೆ ಬಣ್ಣ ಬೇಗ ಒಣಗಲಿ, ಹೊಳೆಯಲಿ, ಬಾಳಿಕೆ ಬರಲಿ ಎಂದು ಅದಕ್ಕೆ ಸೀಸ ಬೆರೆಸುತ್ತಿದ್ದರು. ಪೆನ್ಸಿಲಿನ ಕಡ್ಡಿಯಲ್ಲ, ಅದು ಗ್ರಾಫೈಟ್. ಇದು ಲೋಹ, ವಿಷ. ಬೆಳೆಯುವ ಮಕ್ಕಳ ಮಿದುಳಿಗಂತೂ ಬಹಳ ಕೆಟ್ಟದ್ದು, ಕಲಿಯುವ ಶಕ್ತಿಯನ್ನೇ ಕುಗ್ಗಿಸಬಲ್ಲದು. ಇಷ್ಟು ಒಳಗೆ ಹೋದರೆ ಪರವಾಗಿಲ್ಲ ಎನ್ನುವಂಥ ಪ್ರಮಾಣವೇ ತಿಳಿದಿಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮ ದೇಶದಲ್ಲಿ 2016ರಲ್ಲಿ ನಿಯಮ ಬಂತು. 2017ರ ನವೆಂಬರ್ 1ರಿಂದ ತಯಾರಾಗುವ ಮನೆಬಳಕೆಯ ಬಣ್ಣದಲ್ಲಿ ಹತ್ತು ಲಕ್ಷ ಪಾಲಿಗೆ 90 ಪಾಲಿಗಿಂತ ಹೆಚ್ಚು ಸೀಸ ಇರುವಂತಿಲ್ಲ. ಅದಕ್ಕೂ ಹಳೆಯ ಬಣ್ಣದಲ್ಲಿ ಎಷ್ಟಿದೆಯೋ, ನೋಡಿದರೆ ತಿಳಿಯುವುದಿಲ್ಲ. ಓದಲಿ ಎಂದು ತಂದ ಮೇಜೇ ಓದಿಗೆ ಕುತ್ತಾದರೆ?

ಉಜ್ಜುವುದನ್ನು ಅಲ್ಲಿಗೇ ನಿಲ್ಲಿಸಿದೆವು. ಪೊರಕೆ ಮುಟ್ಟಲಿಲ್ಲ, ಗುಡಿಸಿದರೆ ಧೂಳು ಏಳುತ್ತದೆ. ಒದ್ದೆ ಬಟ್ಟೆಯಲ್ಲಿ ಎರಡು ಸಲ ಒರೆಸಿ, ಆ ಬಟ್ಟೆಯನ್ನು ಕವರಿನಲ್ಲಿ ಕಟ್ಟಿ ಎಸೆದೆವು. ಮಕ್ಕಳಿಬ್ಬರ ಕೈ, ಮುಖ ತೊಳೆಸಿ ಬಟ್ಟೆ ಬದಲಿಸಿದೆವು.

ಭಾನುವಾರ ಮಕ್ಕಳನ್ನು ಮಳವಳ್ಳಿ ಕಡೆಯ ಅವರ ಅತ್ತೆ ಮನೆಗೆ ಕಳಿಸಿ ನಾನು ಕೆಲಸಕ್ಕಿಳಿದೆ. ಮೂಗಿಗೆ ಮಾಸ್ಕ್. ಮೇಜು ಹಿತ್ತಿಲಿನಲ್ಲಿ, ಕೆಳಗೆ ಪ್ಲಾಸ್ಟಿಕ್ ಹಾಳೆ. ಒಣ ಉಪ್ಪುಕಾಗದದ ಬದಲು ಅಂಗಡಿಯವರು ವಾಟರ್ ಪೇಪರ್ ಎನ್ನುವ ಕಾಗದ ತಂದು, ನೀರಿನಲ್ಲಿ ಅದ್ದಿ ಅದ್ದಿ ಉಜ್ಜಿದೆ. ಹಳೆ ಬಣ್ಣವನ್ನು ಪೂರ್ತಿ ಕೀಳಲಿಲ್ಲ, ಅದರ ಹೊಳಪು ಹೋಗುವಷ್ಟು ಮಾತ್ರ. ಗಟ್ಟಿಯಾಗಿ ಅಂಟಿಕೊಂಡ ಬಣ್ಣಕ್ಕೆ ಅಷ್ಟು ಸಾಕು, ಹೊಸ ಬಣ್ಣ ಅದನ್ನು ಮುಚ್ಚಿಬಿಡುತ್ತದೆ. ಬಣ್ಣ ಸಿಪ್ಪೆಸಿಪ್ಪೆಯಾಗಿ ಉದುರುತ್ತಿರುವ ಸಾಮಾನಾದರೆ ಕೊಳ್ಳಲೇಬೇಡಿ. ಮಗು ಕಚ್ಚುವ ತೊಟ್ಟಿಲಿಗೂ ಈ ಉಪಾಯ ಬೇಡ.

ಸಂಜೆ ಮೊಮ್ಮಗಳು ಹೊಸ ಸುದ್ದಿ ಹೊತ್ತು ಬಂದಳು. "ರೇಷ್ಮೆಹುಳ ಸಾಕೋ ಮನೆ ಹತ್ರ ಬಣ್ಣ ಬಳಿಯಕ್ಕೇ ಬಿಡಲ್ವಂತೆ ತಾತ. ವಾಸನೆಗೆ ಹುಳ ಸತ್ತೋಯ್ತವಂತೆ."

"ಹುಳಕ್ಕೇ ಅಷ್ಟು ಜಾಗ್ರತೆ ಮಾಡ್ತಾರೆ ಕಣವ್ವ. ನಿನ್ನ ತಮ್ಮನಿಗೆ ನಾವು ಮಾಡ್ಲಿಲ್ಲ ನೋಡು" ಎಂದೆ.

ಮುಂದಿನದು ಅವಳ ಕೆಲಸ. ಮೇಜು ಚೆನ್ನಾಗಿ ಒಣಗಿದ ಮೇಲೆ ಒಂದು ಕೈ ಪ್ರೈಮರ್. ಒಂದು ದಿನ ಬಿಟ್ಟು ಎನಾಮಲ್ ಬಣ್ಣ. ಡಬ್ಬದ ಮೇಲೆ ಸೀಸ ಬೆರೆಸಿಲ್ಲ ಎಂದು ಬರೆದಿರುವುದನ್ನು ಅವಳೇ ಓದಿ ಆರಿಸಿದ ಹಳದಿ. ಬ್ರಷ್ಷನ್ನು ಮೂರನೇ ಒಂದು ಭಾಗ ಅದ್ದಿ, ಡಬ್ಬದ ಅಂಚಿಗೆ ಒರೆಸಿ, ಮರದ ಗೆರೆ ಹೋದ ಕಡೆಗೇ ಎಳೆಯಬೇಕು. ದಪ್ಪಗೆ ಒಂದು ಸಲವಲ್ಲ, ತೆಳ್ಳಗೆ ಎರಡು ಸಲ. ನಡುವೆ ಒಂದು ದಿನ ಪೂರ್ತಿ ಒಣಗಬೇಕು. ಮಳೆ ಇಲ್ಲದ ದಿನ, ಗಾಳಿಯಾಡುವ ಜಾಗ ಇರಲಿ. "ಒಣಗಿತಾ ತಾತ?" ಎಂದು ಅವಳು ಬೆರಳಿಟ್ಟು ನೋಡಿದ ಗುರುತು ಬಲಗಡೆ ಅಂಚಿನಲ್ಲಿ ಈಗಲೂ ಇದೆ.

ಅಜ್ಜ-ಅಜ್ಜಿಯರಿಗೆ ಒಂದು ಮಾತು. ಎಲ್ಲ ಹಳೆ ಸಾಮಾನಿಗೂ ಬಣ್ಣ ಬೇಡ. ತೇಗ, ಬೀಟೆಗೆ ಬಣ್ಣ ಬಳಿಯುವುದೆಂದರೆ ಮಲ್ಲಿಗೆಗೆ ಸೆಂಟು ಹಾಕಿದ ಹಾಗೆ. ಅದಕ್ಕೆ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿದ ಪಾಲಿಷ್ ಸಾಕು. ಅರಗು ಎಂದರೆ ಕಾಡಿನ ಮರಗಳ ಮೇಲೆ ಪುಟ್ಟ ಕೀಟಗಳು ಮಾಡುವ ಅಂಟು. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು 1937ರಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆ ಆರಂಭಿಸಿದರು. ಓಟು ಹಾಕಿದಾಗ ನಮ್ಮ ಬೆರಳಿಗೆ ಹಚ್ಚುವ ಅಳಿಸದ ಶಾಯಿ ತಯಾರಾಗುವುದು ಅಲ್ಲೇ.

ಕೊನೆಗೆ ಮೊಮ್ಮಗಳು ಮೇಜಿನ ಕೆಳಗೆ ತೂರಿ, ಮಾರ್ಕರ್ ಪೆನ್ನಿನಲ್ಲಿ ಏನೋ ಬರೆದಳು. ಬಗ್ಗಿ ನೋಡಿದೆ. ಮೊದಲು ತಾರೀಖು. ಅದರ ಕೆಳಗೆ: "ಒಳಗೆ ಹಳೇ ನೀಲಿ ಬಣ್ಣ ಇದೆ. ಒಣಗಿದ್ದಾಗ ಉಜ್ಜಬೇಡಿ."

ಇನ್ನು ಐವತ್ತು ವರ್ಷ ಬಿಟ್ಟು ಯಾವುದೋ ಮನೆಯ ಸೊಸೆ ಅದೇ ಪ್ರಶ್ನೆ ಕೇಳಿದರೆ ಉತ್ತರ ಸಿಗುತ್ತದೆ. ನಿಮ್ಮ ಮನೆಯ ಹಳೆ ಕುರ್ಚಿ, ಸ್ಟೂಲಿನ ಬಣ್ಣ ಯಾವ ಕಾಲದ್ದು? ಈ ಭಾನುವಾರ ಅಜ್ಜ-ಅಜ್ಜಿಯನ್ನು ಕೇಳಿ, ಅಡಿಯಲ್ಲಿ ಬರೆದಿಡಿ.