ನಮ್ಮ ಬಾಗಿಲ ಮುಂದಿನ ಪರ್ಸಿ

ಮಕ್ಕಳೇ, ಈ ವಾರ ನಿಮ್ಮ ಮುತ್ಯಾ ಒಂದು ತಪ್ಪು ಒಪ್ಪಿಕೊಳ್ಳಬೇಕಾಗಿದೆ. ಅಜ್ಜ ಅಜ್ಜಿಯರೂ ಓದಿರಿ. ನಿಮ್ಮಲ್ಲಿ ಕೆಲವರಿಗಾದರೂ ಇದು ತಮ್ಮ ಮನೆಯದೇ ಕಥೆ ಅನ್ನಿಸೀತು.

ನಮ್ಮೂರು ಚಿತ್ತಾಪುರ. ಈ ಸೀಮೆಯ ನೆಲದೊಳಗೆ ಇರುವುದು ಸುಣ್ಣದ ಕಲ್ಲು. ವಾಡಿಯಲ್ಲಿ ಅದನ್ನು ಪುಡಿ ಮಾಡಿ, ಸುಟ್ಟು ಸಿಮೆಂಟು ಮಾಡುತ್ತಾರೆ. ಶಹಾಬಾದಿನ ಖಣಿಗಳಲ್ಲಿ ಅದನ್ನೇ ಪದರು ಪದರಾಗಿ ಎಬ್ಬಿಸಿ ಪರ್ಸಿ ತೆಗೆಯುತ್ತಾರೆ. ನಮ್ಮ ಕಡೆ ಮನೆಯ ನೆಲಕ್ಕೂ ಪರ್ಸಿ, ಕಟ್ಟೆಗೂ ಪರ್ಸಿ, ನಾಲಿಯ ಮೇಲೂ ಪರ್ಸಿ. ಬೇರೆ ಊರಿನವರು ಚರಂಡಿ, ಗಟಾರ ಅನ್ನುವುದನ್ನೇ ನಾವು ನಾಲಿ ಅನ್ನುತ್ತೇವೆ. ಈ ವಾರದ ಮಾತು ನಾಲಿಯದು.

ಈ ಮಳೆಗಾಲದ ಒಂದು ರಾತ್ರಿ ಜೋರು ಮಳೆ ಬಂತು. ಬೆಳಿಗ್ಗೆ ಎದ್ದು ನೋಡಿದರೆ ಪಕ್ಕದ ಮನೆಯ ಆಯಿ ತನ್ನ ಹೊಸ್ತಿಲಿನಲ್ಲಿ ಕೂತು ತಂಬಿಗೆಯಿಂದ ನೀರು ಗೋರಿ ಹೊರಗೆ ಚೆಲ್ಲುತ್ತಿದ್ದಳು. ಆಕೆಯದು ಹಳೆಯ ಮನೆ. ರಸ್ತೆ ಮಾಡಿದಾಗಲೆಲ್ಲ ರಸ್ತೆ ಎತ್ತರವಾಗಿ, ಆಕೆಯ ಹೊಸ್ತಿಲು ತಗ್ಗಿಗೆ ಇಳಿದಿದೆ.

“ನಡುರಾತ್ರಿ ನೀರು ಒಳಗ ಬಂತಪ್ಪಾ. ಜ್ವಾಳದ ಚೀಲ ಪೂರಾ ತೊಯ್ದದ” ಎಂದಳು.

ನನಗೆ ಸಿಟ್ಟು ಬಂತು. ನಾಲಿ ಬಳಿಯುವವರೇ ಇಲ್ಲವೇ ಎಂದು ಓಣಿಗೆಲ್ಲ ಕೇಳುವಂತೆ ಕೂಗಾಡಿದೆ. ಆರನೇ ತರಗತಿಯ ಮೊಮ್ಮಗಳನ್ನು ಕರೆದು, “ಕಾಗದ ತಗೋ, ಅರ್ಜಿ ಬರೀ” ಎಂದೆ. ಅವಳ ಅಕ್ಷರ ದುಂಡಗಿವೆ.

“ಯಾರ ಹೆಸರಿಗಿ ಬರೀಲಿ ಮುತ್ಯಾ? ಅಧ್ಯಕ್ಷರಿಗೋ, ಮುಖ್ಯಾಧಿಕಾರಿಗೋ?”

ಒಳ್ಳೆಯ ಪ್ರಶ್ನೆ. ನಿಮಗೂ ಹೇಳುತ್ತೇನೆ, ಕೇಳಿ. ನಮ್ಮ ರಾಜ್ಯದಲ್ಲಿ ಊರಿನ ಜನಸಂಖ್ಯೆ ನೋಡಿ ಆಡಳಿತಕ್ಕೆ ಹೆಸರಿಡುತ್ತಾರೆ. ಸಾಮಾನ್ಯವಾಗಿ 10 ಸಾವಿರದಿಂದ 20 ಸಾವಿರ ಜನರಿದ್ದರೆ ಪಟ್ಟಣ ಪಂಚಾಯಿತಿ, 20ರಿಂದ 50 ಸಾವಿರವಿದ್ದರೆ ಪುರಸಭೆ, ಅದಕ್ಕೂ ಮೇಲೆ ನಗರಸಭೆ, 3 ಲಕ್ಷ ದಾಟಿದರೆ ಮಹಾನಗರ ಪಾಲಿಕೆ. ಹಾಗಾಗಿ ಚಿತ್ತಾಪುರಕ್ಕೆ ಪುರಸಭೆ, ಶಹಾಬಾದಿಗೆ ನಗರಸಭೆ, ಕಲಬುರಗಿಗೆ ಮಹಾನಗರ ಪಾಲಿಕೆ.

ಪುರಸಭೆಯಲ್ಲಿ ಊರನ್ನು ವಾರ್ಡುಗಳಾಗಿ ಹಂಚಿರುತ್ತಾರೆ. ಒಂದೊಂದು ವಾರ್ಡಿನ ಜನ ಒಬ್ಬ ಸದಸ್ಯರನ್ನು 5 ವರ್ಷಕ್ಕೆ ಆರಿಸುತ್ತಾರೆ. ಆ ಸದಸ್ಯರು ತಮ್ಮೊಳಗೆ ಒಬ್ಬರನ್ನು ಅಧ್ಯಕ್ಷರಾಗಿ, ಒಬ್ಬರನ್ನು ಉಪಾಧ್ಯಕ್ಷರಾಗಿ ಆರಿಸಿಕೊಳ್ಳುತ್ತಾರೆ. ಸರ್ಕಾರ ನಾಮಕರಣ ಮಾಡಿದ ಸದಸ್ಯರೂ ಇರುತ್ತಾರೆ. ಅವರು ಸಭೆಯಲ್ಲಿ ಮಾತಾಡಬಹುದು, ಮತ ಹಾಕುವಂತಿಲ್ಲ. ಯಾವ ಓಣಿಗೆ ಎಷ್ಟು ಹಣ ಎಂದು ಸಭೆ ಸೇರಿ ತೀರ್ಮಾನಿಸುವುದು ಈ ಸದಸ್ಯರು. ತೀರ್ಮಾನವಾದ ಕೆಲಸವನ್ನು ಸಿಬ್ಬಂದಿಯಿಂದ ಮಾಡಿಸುವುದು ಮುಖ್ಯಾಧಿಕಾರಿ. ಅವರು ಸರ್ಕಾರದ ನೌಕರರು, ಚುನಾವಣೆಗೆ ನಿಂತು ಬಂದವರಲ್ಲ. ಹೊಸ ನಾಲಿ ಬೇಕೆಂದರೆ ನಿಮ್ಮ ವಾರ್ಡಿನ ಸದಸ್ಯರಿಗೆ ಹೇಳಬೇಕು. ಇದ್ದ ನಾಲಿ ಕಟ್ಟಿಕೊಂಡಿದ್ದರೆ ಮುಖ್ಯಾಧಿಕಾರಿಗೆ ಅರ್ಜಿ ಕೊಡಬೇಕು.

“ಹಂಗಾದ್ರ ಮುಖ್ಯಾಧಿಕಾರಿಗಿ” ಎಂದು ಮೊಮ್ಮಗಳು ಬರೆಯತೊಡಗಿದಳು. ನಾನು ಹೇಳುತ್ತಾ ಹೋದೆ. ನಿರ್ಲಕ್ಷ್ಯ, ಬೇಜವಾಬ್ದಾರಿ, ಹೀಗೆ ದೊಡ್ಡ ದೊಡ್ಡ ಮಾತುಗಳನ್ನೆಲ್ಲ ಸೇರಿಸಿದೆ. ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬಂದೆ.

ಎರಡು ದಿನಕ್ಕೆ ಒಬ್ಬ ಪೌರಕಾರ್ಮಿಕ ಬಂದ. ಓಣಿಯ ಮೇಲಿನ ತುದಿಯಿಂದ ನೋಡುತ್ತಾ ಬಂದವನು ನಮ್ಮ ಗೇಟಿನ ಹತ್ತಿರ ನಿಂತ.

“ಯಜಮಾನ್ರ, ಸಿಟ್ಟಾಗ್ಬ್ಯಾಡ್ರಿ. ಮ್ಯಾಲಿಂದ ಆಯಿ ಮನಿ ತನಕ ನಾಲಿ ಸಾಫ್ ಅದ. ನಿಮ್ಮ ಮನಿ ಆಚಿಗೂ ಸಾಫ್ ಅದ. ನಡುವ ನಿಮ್ಮ ಪರ್ಸಿ ಕೆಳಗ ನನ್ನ ಸಲಿಕಿ ಹೋಗಂಗಿಲ್ಲ.”

ನಾನು ಸುಮ್ಮನಾದೆ. ಆ ಐದು ಪರ್ಸಿಗಳನ್ನು ಏಳು ವರ್ಷದ ಹಿಂದೆ ಹಾಕಿಸಿದವನು ನಾನೇ. ಸ್ಕೂಟರು ಒಳಗೆ ತರಲು ಅನುಕೂಲವಾಗಲಿ ಎಂದು ಸಂದುಗಳಿಗೆಲ್ಲ ಸಿಮೆಂಟು ತುಂಬಿಸಿದ್ದೆ. ರಸ್ತೆಯಾಗಲಿ ನಾಲಿಯಾಗಲಿ ಊರಿನದು. ಪುರಸಭೆಯ ಅನುಮತಿಯಿಲ್ಲದೆ ಅದರ ಮೇಲೆ ಕಟ್ಟುವಂತಿಲ್ಲ. ನಾನು ಯಾರನ್ನೂ ಕೇಳಿರಲಿಲ್ಲ.

ಅವನೆದುರು, “ಹಂಗೇನಿಲ್ಲ ಬಿಡು, ನೋಡೋಣು” ಎಂದು ಒಳಗೆ ಬಂದುಬಿಟ್ಟೆ. ಮಕ್ಕಳೇ, ನನ್ನ ದೊಡ್ಡ ತಪ್ಪು ಪರ್ಸಿ ಹಾಕಿಸಿದ್ದಲ್ಲ, ಇದು. ಅದಾದ ಮೇಲೆ ಒಂದು ವಾರ ಓಣಿಯವರು ಪುರಸಭೆಯನ್ನು ಬೈಯುತ್ತಿದ್ದರು. ಗೊತ್ತಿದ್ದೂ ನಾನು ಕಟ್ಟೆಯ ಮೇಲೆ ಕೂತು ಕೇಳುತ್ತಿದ್ದೆ.

ಮತ್ತೆ ಮಳೆ ಬಂತು. ಮರುದಿನ ಶಾಲೆಗೆ ಹೊರಟ ಮೊಮ್ಮಗಳು ಗೇಟಿನಲ್ಲಿ ನಿಂತಳು. ಮೇಲ್ಗಡೆ ನಾಲಿ ತುಂಬಿ ಆಯಿಯ ಬಾಗಿಲಿಗೆ ನೀರು ಹೊರಳುತ್ತಿತ್ತು. ನಮ್ಮ ಮನೆಯಿಂದ ಕೆಳಕ್ಕೆ ನಾಲಿಯಲ್ಲಿ ನೀರೇ ಇಲ್ಲ.

“ಮುತ್ಯಾ, ನೀರು ನಮ್ಮ ಪರ್ಸಿ ಕೆಳಗೇ ನಿಂತದ. ನಾನು ಬರ್ದ ಅರ್ಜಿ ಸುಳ್ಳಾತಲ್ಲ?”

ನನ್ನ ಸಿಟ್ಟನ್ನು ಅವಳ ದುಂಡು ಅಕ್ಷರದಲ್ಲಿ ಬರೆಸಿದ್ದೆನಲ್ಲ, ಆ ಸುಳ್ಳಿನಲ್ಲಿ ಅವಳ ಕೈಯೂ ಇದೆ ಎಂದು ಮಗು ಅಂದುಕೊಂಡಿತ್ತು. ಅದನ್ನು ಕೇಳಿ ನನಗೆ ತಡೆಯಲಾಗಲಿಲ್ಲ.

ಅಂದೇ ಗೌಂಡಿಯನ್ನು ಕರೆಸಿ ಪರ್ಸಿ ಎಬ್ಬಿಸಿದೆ. ಕೆಳಗೆ ಮುಕ್ಕಾಲು ನಾಲಿ ಮಣ್ಣು. ಪ್ಲಾಸ್ಟಿಕ್ ಚೀಲಗಳು, ನಮ್ಮ ಮನೆಯದೇ ಒಂದು ಮುರಿದ ಚಮಚ. ಪೌರಕಾರ್ಮಿಕ ಕೈಗೆ ಗವಸು ಹಾಕಿಕೊಂಡು ಬಂದು ಹೂಳು ತೆಗೆದ. ಅವನು ತೆಗೆದ ಕಸದಲ್ಲಿ ಪುರಸಭೆಯದು ಏನೂ ಇರಲಿಲ್ಲ, ಎಲ್ಲ ನಮ್ಮದೇ. ನಮ್ಮ ರಾಜ್ಯದಲ್ಲಿ ಸೆಪ್ಟೆಂಬರ್ 23ನ್ನು ಪೌರಕಾರ್ಮಿಕರ ದಿನವೆಂದು ಆಚರಿಸುತ್ತಾರೆ. ಆ ದಿನ ಹಾರ ಹಾಕುವುದು ಒಳ್ಳೆಯದೇ. ಉಳಿದ ದಿನ ಅವರ ಸಲಿಕೆಗೆ ದಾರಿ ಬಿಟ್ಟರೆ ಇನ್ನೂ ಒಳ್ಳೆಯದು.

ಈಗ ಪರ್ಸಿಗಳನ್ನು ಅನುಮತಿ ಕೇಳಿಯೇ ಇಟ್ಟಿದ್ದೇವೆ. ಐದಲ್ಲ, ಎರಡೇ. ಸಿಮೆಂಟು ಇಲ್ಲ. ಕೊಕ್ಕೆ ಹಾಕಿ ಎತ್ತಲು ತೂತು ಇದೆ.

ಆಯಿಗೆ ಒಂದು ಚೀಲ ಜೋಳ ಒಯ್ದು ಕೊಟ್ಟು ನಡೆದದ್ದನ್ನು ಹೇಳಿದೆ. ಆಕೆ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಜ್ವಾಳ ಇರ್ಲಿ ಬಿಡಪ್ಪಾ. ಮಳಿ ಬಂದ್ರ ರಾತ್ರಿ ನಿದ್ದಿ ಹತ್ತಿದ್ರ ಸಾಕು” ಎಂದಳು. ಚೀಲ ಅಲ್ಲಿಯೇ ಬಿಟ್ಟು ಬಂದೆ.

ಊರು ಆಳುವುದೆಂದರೇನು ಎಂದು ಪುಸ್ತಕದಲ್ಲಿ ನೀವು ಓದುತ್ತೀರಿ. ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಂದು ಜಾರಿಗೆ ಬಂತು. ಅದರ ಜೊತೆ ಬಂದ 12ನೇ ಅನುಸೂಚಿಯಲ್ಲಿ ಪಟ್ಟಣದ ಆಡಳಿತಕ್ಕೆ ಒಪ್ಪಿಸಬಹುದಾದ 18 ವಿಷಯಗಳಿವೆ. ಕುಡಿಯುವ ನೀರು, ಬೀದಿದೀಪ, ಉದ್ಯಾನ, ಜನನ ಮರಣದ ನೋಂದಣಿ, ಸ್ಮಶಾನ ಎಲ್ಲ ಅದರಲ್ಲಿವೆ. ಆ ಪಟ್ಟಿ ನೋಡಿದರೆ ಎಲ್ಲವೂ ಅವರ ಕೆಲಸ ಅನ್ನಿಸುತ್ತದೆ. ನಮ್ಮ ಬಾಗಿಲ ಮುಂದಿನ ಮೂರು ಮೊಳ ಮಾತ್ರ ಆ ಪಟ್ಟಿಯಲ್ಲಿ ಕಾಣುವುದಿಲ್ಲ.

ನಮ್ಮೂರಿನ ಪಕ್ಕದ ನಾಗಾವಿಯ ಹೆಸರು ಕೇಳಿದ್ದೀರಲ್ಲ? ಹನ್ನೊಂದನೇ ಶತಮಾನದಲ್ಲಿ, ಕಲ್ಯಾಣದ ಚಾಲುಕ್ಯರ ಕಾಲಕ್ಕೆ, ಅಲ್ಲಿ ದೊಡ್ಡ ಘಟಿಕಾಸ್ಥಾನ ಇತ್ತು. ಓದುವವರಿಗೆ, ಕಲಿಸುವವರಿಗೆ ದತ್ತಿ ಬಿಟ್ಟವರು ಗ್ರಂಥಗಳನ್ನು ಕಾಯುವ ಸರಸ್ವತೀ ಭಂಡಾರಿಗರನ್ನೂ ಮರೆಯಲಿಲ್ಲವೆಂದು ಅಲ್ಲಿನ ಶಾಸನ ಹೇಳುತ್ತದೆ. ಎಲ್ಲರ ವಸ್ತುವಿಗೆ ಒಬ್ಬ ಕಾಯುವವನು ಬೇಕೆಂದು ಅವರಿಗೆ ಅಂದೇ ಗೊತ್ತಿತ್ತು. ನಾಲಿಯೂ ಎಲ್ಲರದೇ.

ಪುರಸಭೆಗೆ ಇನ್ನೊಂದು ಅರ್ಜಿ ಕೊಟ್ಟಿದ್ದೇನೆ. ಮೊದಲಿನದನ್ನು ಹಿಂದೆ ಪಡೆದಿದ್ದೇನೆ, ತಪ್ಪು ನನ್ನದು ಎಂದು ಅದರಲ್ಲಿದೆ. ಈ ಸಲ ನನ್ನದೇ ಸೊಟ್ಟ ಅಕ್ಷರ. ಮೊಮ್ಮಗಳು ಕಾಗುಣಿತ ಮಾತ್ರ ತಿದ್ದಿದಳು. ಅದಕ್ಕೂ ಮೊಹರು ಬಿತ್ತು.

ಈ ವಾರದ ಮನೆಗೆಲಸ: ನಿಮ್ಮ ಮನೆಯ ಮುಂದಿನ ನಾಲಿ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ, ನೋಡಿ ಬನ್ನಿರಿ. ನಮ್ಮ ಕಡೆ ಮಳೆನೀರು ಹಳ್ಳ ಸೇರಿ, ಕಾಗಿಣಾ ನದಿ ಸೇರಿ, ಭೀಮೆಗೆ ಕೂಡಿ, ಕೃಷ್ಣೆಯೊಂದಿಗೆ ಸಮುದ್ರಕ್ಕೆ ಹೋಗುತ್ತದೆ. ಅಷ್ಟು ದೂರ ಹೋಗಬೇಕಾದ ನೀರನ್ನು ನಿಮ್ಮ ಮುತ್ಯಾ ಏಳು ವರ್ಷ ಗೇಟಿನಲ್ಲಿ ತಡೆದಿದ್ದ.

ಮೊನ್ನೆ ರಾತ್ರಿ ಮತ್ತೆ ಮಳೆ ಬಂತು. ಎದ್ದು ಕೂತು ಕಿವಿಗೊಟ್ಟೆ. ಪರ್ಸಿಯ ಕೆಳಗೆ ನೀರು ಗುಳುಗುಳು ಎಂದು ಹರಿದು ಹೋಗುತ್ತಿತ್ತು. ಆಯಿಯ ಮನೆಯಲ್ಲಿ ದೀಪ ಹತ್ತಲಿಲ್ಲ.