ಒಣಕೊಂಬೆಯ ಓಕ್ ಮರಕ್ಕೆ ಮರಣದಂಡನೆಯೇ?

ಮುಪ್ಪಾದ ಮರವೊಂದರ ನೆತ್ತಿಯಲ್ಲಿ ನಾಲ್ಕು ಕೊಂಬೆಗಳು ಒಣಗಿದೊಡನೆಯೇ “ಇದರ ಕಾಲ ಮುಗಿಯಿತು, ಕಡಿದುಬಿಡಿ” ಎನ್ನುವವರು ಎಲ್ಲ ದೇಶಗಳಲ್ಲಿಯೂ ಉಂಟು. ಈ ತೀರ್ಪು ಅವಸರದ್ದು, ವಿಜ್ಞಾನವು ಒಪ್ಪತಕ್ಕದ್ದಲ್ಲ ಎಂಬುದು ನಮ್ಮ ಅಭಿಪ್ರಾಯ. ಇಂಗ್ಲೆಂಡಿನ ಒಂದು ಓಕ್ ಮರವನ್ನೇ ನಿದರ್ಶನವಾಗಿ ತೆಗೆದುಕೊಳ್ಳೋಣ.

ನಾಟಿಂಗ್‌ಹ್ಯಾಮ್ ಪ್ರಾಂತದ ಷೆರ್‌ವುಡ್ ಅರಣ್ಯದ ‘ಮೇಜರ್ ಓಕ್’ ಮರವು 800ರಿಂದ 1,000 ವರ್ಷಗಳಷ್ಟು ಹಳೆಯದೆಂದು ಅಂದಾಜು. ಮೇಜರ್ ಹೇಮನ್ ರೂಕ್ ಎಂಬಾತನು 1790ರಲ್ಲಿ ಅದನ್ನು ತನ್ನ ಗ್ರಂಥದಲ್ಲಿ ವರ್ಣಿಸಿದುದರಿಂದ ಅದಕ್ಕೆ ಆ ಹೆಸರು ಬಂದಿತು. ಬೊಡ್ಡೆಯ ಸುತ್ತಳತೆ ಸುಮಾರು 11 ಮೀಟರು, ಒಳಗೆಲ್ಲ ಪೊಟರೆ. ಪೊಟರೆಯಾದ ಮೇಲೂ ಅದು ತಲೆಮಾರುಗಳ ಕಾಲ ಚಿಗುರುತ್ತ ಬಂದಿತು.

ಇದು ಹೇಗೆ ಸಾಧ್ಯವೆಂದು ವಿದ್ಯಾರ್ಥಿಗಳು ಕೇಳಬಹುದು. ಮರದ ಜೀವವಿರುವುದು ನಡುವಿನ ಚೇಗಿನಲ್ಲಲ್ಲ, ತೊಗಟೆಗೆ ಹೊಂದಿಕೊಂಡ ಹೊರಪದರಗಳಲ್ಲಿ. ನೀರು ಮೇಲೇರುವುದೂ ಅಲ್ಲಿಯೇ. ಇನ್ನು ಬಲದ ಲೆಕ್ಕ. ದುಂಡನೆಯ ಕಂಬದ ತ್ರಿಜ್ಯದಲ್ಲಿ ಅರ್ಧದವರೆಗೆ ಒಳಭಾಗವು ಟೊಳ್ಳಾದರೆ, ನಾಲ್ಕರಲ್ಲೊಂದು ಪಾಲು ಮರವೇ ಹೋದಂತಾಯಿತು. ಆದರೆ ಬಾಗುವಿಕೆಯನ್ನು ತಡೆಯುವ ಶಕ್ತಿಯಲ್ಲಿ ನಷ್ಟವಾಗುವುದು ಹದಿನಾರರಲ್ಲೊಂದು ಪಾಲು ಮಾತ್ರ. ಬಿದಿರೂ ಬೈಸಿಕಲ್ಲಿನ ಚೌಕಟ್ಟೂ ಇದಕ್ಕೆ ಸಾಕ್ಷಿ.

ಒಣಕೊಂಬೆಯೂ ಯಾವಾಗಲೂ ಮರಣದ ಸೂಚನೆಯಲ್ಲ. ಆದಾಯ ಕುಗ್ಗಿದ ಗೃಹಸ್ಥನು ಮಹಡಿಯ ಕೋಣೆಗಳನ್ನು ಮುಚ್ಚಿ ಕೆಳಗೆ ಸಂಸಾರ ನಡೆಸುವಂತೆ, ಓಕ್ ಮರವು ಮುಪ್ಪಿನಲ್ಲಿ ಎತ್ತರದ ಕೊಂಬೆಗಳನ್ನು ಬಿಟ್ಟುಕೊಟ್ಟು ತಗ್ಗಿನಲ್ಲಿ ಹೊಸ ಹಂದರವನ್ನು ಕಟ್ಟಿಕೊಳ್ಳುವುದುಂಟು. ಕೊಂಬೆಗಳು ಬೇಗಬೇಗನೆ ಒಣಗತೊಡಗಿದರೆ ಮಾತ್ರ ಬೇರುಗಳ ಕಡೆಗೆ ನೋಡಬೇಕು. ಮೇಜರ್ ಓಕ್ ಮರವನ್ನು ಕಾಣಬಂದವರ ಕಾಲ್ತುಳಿತದಿಂದಲೇ ಬುಡದ ಮಣ್ಣು ಗಟ್ಟಿಯಾಗಿ, 1970ರ ದಶಕದಲ್ಲಿ ಸುತ್ತಲೂ ಬೇಲಿ ಹಾಕಬೇಕಾಯಿತು. ಗಟ್ಟಿ ಮಣ್ಣಿನೊಳಕ್ಕೆ ಗಾಳಿಯೂ ಮಳೆನೀರೂ ಇಳಿಯವು. ಆದುದರಿಂದ ಮರದ ಚಿಕಿತ್ಸೆಯು ಮಣ್ಣಿನಿಂದ ಆರಂಭವಾಗತಕ್ಕದ್ದು: ಬುಡದ ಬಳಿ ಸಂಚಾರವನ್ನು ನಿಲ್ಲಿಸಬೇಕು, ತರಗೆಲೆಯ ಹೊದಿಕೆ ಹಾಸಬೇಕು.

ಕತ್ತರಿಸುವುದಕ್ಕೂ ಕ್ರಮವುಂಟು. ಮರವು ಗಾಯವನ್ನು ಮಾಯಿಸುವುದಿಲ್ಲ, ಅದರ ಸುತ್ತ ಗೋಡೆ ಕಟ್ಟುತ್ತದೆ ಎಂದು ಅಮೆರಿಕದ ಅರಣ್ಯ ವಿಜ್ಞಾನಿ ಅಲೆಕ್ಸ್ ಶೈಗೋ 1977ರಲ್ಲಿ ಪ್ರತಿಪಾದಿಸಿದರು. ಕೊಂಬೆಯ ಬುಡದಲ್ಲಿರುವ ಉಬ್ಬು ಆ ಗೋಡೆಯ ನೆಲೆ. ಉಬ್ಬನ್ನೂ ಸವರಿ ಕಾಂಡಕ್ಕೆ ಸಮನಾಗಿ ಕತ್ತರಿಸುವುದು, ಗಾಯಕ್ಕೆ ಡಾಂಬರು ಬಳಿಯುವುದು, ಪೊಟರೆಗೆ ಸಿಮೆಂಟು ತುಂಬುವುದು, ಇವು ಚಿಕಿತ್ಸೆಯಲ್ಲ.

ಕೊಂಬೆ ಮುರಿದು ದಾರಿಹೋಕರ ಮೇಲೆ ಬಿದ್ದರೆ ಗತಿಯೇನು ಎಂಬ ಆಕ್ಷೇಪವು ನ್ಯಾಯವಾದುದೇ. ದಾರಿಯ ಮೇಲೆ ಚಾಚಿದ ಒಣಕೊಂಬೆಯನ್ನು ತಜ್ಞರಿಂದ ತೆಗೆಸಬೇಕು. ಬೊಡ್ಡೆಯ ಗೋಡೆಯು ತೀರ ತೆಳುವಾಗಿದೆಯೆಂದು ಅಳತೆಯಿಂದ ತಿಳಿದರೆ ಇಡೀ ಮರವನ್ನು ಇಳಿಸುವುದೂ ಅನಿವಾರ್ಯವಾದೀತು. ಆದರೆ ಅಳೆಯುವುದಕ್ಕೆ ಮೊದಲೇ ಕೊಡಲಿ ಎತ್ತುವುದು ಸಲ್ಲದು. ಯಾರಿಗೂ ಅಪಾಯವಿಲ್ಲದೆಡೆಯಲ್ಲಿ ಒಣಕೊಂಬೆಯನ್ನು ಹಾಗೆಯೇ ಬಿಡುವುದು ಲೇಸು. ಮರಕುಟಿಗನಿಗೂ ದುಂಬಿಗಳಿಗೂ ಅದು ಆಸರೆ.

ಈ ನಿಯಮಗಳು ಇಂಗ್ಲೆಂಡಿಗೆ ಮಾತ್ರ ಮೀಸಲಲ್ಲ. ಹಿಮಾಲಯದ ಬಂಜ್ ಓಕಿಗೂ ನಮ್ಮ ಊರಿನ ಸಾಲುಮರಕ್ಕೂ ಸಲ್ಲುತ್ತವೆ. ಹಳೆಯ ಮರವೊಂದನ್ನು ಕಡಿಯುವ ಮಾತು ಬಂದಾಗ, ಅದನ್ನು ಪರೀಕ್ಷಿಸಿದವರು ಯಾರು, ಬುಡದ ಮಣ್ಣು ಹೇಗಿದೆ ಎಂಬ ಎರಡು ಪ್ರಶ್ನೆಗಳನ್ನು ನಮ್ಮ ವಿದ್ಯಾರ್ಥಿಗಳು ಧೈರ್ಯವಾಗಿ ಕೇಳಲಿ.